ಚನ್ನಗಿರಿಯ ಧೋಂಡಿಯ ವಾಘ

ಚನ್ನಗಿರಿಯ ಬೆಟ್ಟದ ಕೋಟೆಯನ್ನು ಕಂಡವರು ಕೆಳದಿಯ ಚೆನ್ನಮ್ಮಾಜಿಯನ್ನು ನೆನೆಯುವುದು ಸಹಜ. ಅದೇ ಊರಿನಲ್ಲಿ ಮರಾಠ ಕುಲದ ಮನೆಯೊಂದರಲ್ಲಿ ಹುಟ್ಟಿದ ಧೋಂಡಿಯನನ್ನು ನೆನೆಯುವವರು ವಿರಳ. ಕೂಲಿಗೆ ಕತ್ತಿ ಹಿಡಿದು ಬಾಳಿದವನಿಗೆ ಸ್ಮಾರಕ ಕಟ್ಟುವವರು ಯಾರು?

ಹೈದರಾಲಿಯ ಕಾಲದಲ್ಲಿ ಅವನು ಸಾಮಾನ್ಯ ಸವಾರ. ಕಾರ್ನ್‌ವಾಲಿಸನ ಯುದ್ಧದ ಗೊಂದಲದಲ್ಲಿ ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಟಿಪ್ಪುವಿನ ಸೇನೆಯನ್ನು ಬಿಟ್ಟು ಲಕ್ಷ್ಮೇಶ್ವರದ ಕಡೆಗೆ ಓಡಿದನು. ಅಲ್ಲಿ ಸುಲಿಗೆಯೇ ಅವನ ವೃತ್ತಿಯಾಯಿತು. 1794ರ ಸುಮಾರಿಗೆ ಟಿಪ್ಪು ಅವನನ್ನು ಮತ್ತೆ ಕರೆಸಿಕೊಂಡನು. ಆದರೆ ಮತಾಂತರಿಸಿ ಹೊಸ ಹೆಸರಿಟ್ಟ ದೊರೆಯೇ ಅವನಿಗೆ ಸಂಕೋಲೆಯನ್ನೂ ತೊಡಿಸಿದನು. ಕಾರಣವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಸೆರೆಮನೆಯ ಬಾಗಿಲು ತೆರೆಯಿತು. ಆ ವೇಳೆಗೆ ಧೋಂಡಿಯ ಎಳೆಯ ಪ್ರಾಯದವನಲ್ಲ. ಬೇರೊಬ್ಬನಾಗಿದ್ದರೆ ಸಿಕ್ಕಿದ ಬಿಡುಗಡೆಯನ್ನೇ ಭಾಗ್ಯವೆಂದು ಊರು ಸೇರುತ್ತಿದ್ದನು. ಇವನಾದರೋ ಕುದುರೆಯೇರಿ ನೇರ ಬಿದನೂರು ಸೀಮೆಗೆ ನಡೆದನು. ಟಿಪ್ಪುವಿನ ಸೇನೆ ಚದುರಿ, ಸಾವಿರಾರು ಸವಾರರು ಸಂಬಳವಿಲ್ಲದೆ ಅಲೆಯುತ್ತಿದ್ದ ದಿನಗಳವು. ಅವರಿಗೆ ಬೇಕಾಗಿದ್ದುದು ಒಬ್ಬ ನಾಯಕ. ಧೋಂಡಿಯನಿಗೆ ಬೇಕಾಗಿದ್ದುದು ಸೇನೆ. ಸುಲಿಗೆಗೊಳಗಾದ ರೈತನ ಸಂಕಟವನ್ನು ಈ ಲೆಕ್ಕದಲ್ಲಿ ಯಾರೂ ಬರೆದಿಡಲಿಲ್ಲ.

ಆ ಮಳೆಗಾಲದಲ್ಲಿಯೇ ಇಂಗ್ಲಿಷರ ಎರಡು ತುಕಡಿಗಳು ಬೆನ್ನಟ್ಟಿ ಬಂದುವು. ಶಿವಮೊಗ್ಗೆ, ಹೊನ್ನಾಳಿಗಳು ಅವರ ವಶವಾದುವು. ಆಗಸ್ಟ್ 17ರಂದು ಶಿಕಾರಿಪುರದ ಬಳಿ ಸೋತ ಧೋಂಡಿಯ ಗಡಿ ದಾಟಿ ಮರಾಠರ ನೆಲಕ್ಕೆ ಹೋದನು. ಅಲ್ಲಿ ಧೋಂಡೋಪಂತ ಗೋಖಲೆ ಅವನ ಪಾಳೆಯವನ್ನೇ ದೋಚಿದನು. ಗೋಖಲೆಯ ರಕ್ತದಲ್ಲಿ ಮೀಸೆಗೆ ಬಣ್ಣ ಹಚ್ಚುವೆನೆಂದು ಅವನು ಶಪಥ ಮಾಡಿದನೆಂಬ ಮಾತು ಇತಿಹಾಸಗಳಲ್ಲಿ ಬಂದಿದೆ. ಶಪಥ ನಿಜವೋ ಅಲ್ಲವೋ, 1800ರ ಜೂನ್ 30ರಂದು ಕಿತ್ತೂರಿನ ಬಳಿ ಗೋಖಲೆ ಹತನಾದದ್ದು ನಿಜ. ಆ ಹೊತ್ತಿಗೆ ಧೋಂಡಿಯ ಎರಡು ಲೋಕಗಳ ಒಡೆಯನೆಂಬ ಬಿರುದನ್ನು ತಾನೇ ಧರಿಸಿದ್ದನು. ನಗು ಬರಬಹುದು. ಸಂಕೋಲೆಯಿಂದ ಹೊರಬಂದು ವರ್ಷವೊಂದರೊಳಗೆ ಸಾವಿರಗಟ್ಟಲೆ ಸವಾರರನ್ನು ಕೂಡಿಸಿದವನ ಬಿರುದೆಂದಾಗ ನಗು ಅರ್ಧಕ್ಕೆ ನಿಲ್ಲುತ್ತದೆ.

ಇವನನ್ನು ಹಿಡಿಯುವುದಕ್ಕಾಗಿ ಆರ್ಥರ್ ವೆಲೆಸ್ಲಿ ಬಟೇವಿಯಾ ದಂಡಯಾತ್ರೆಯ ನಾಯಕತ್ವವನ್ನೇ ಬಿಟ್ಟುಕೊಟ್ಟನು. 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನನನ್ನು ಎದುರಿಸಿದವನು ಈತನೇ. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರು, ಡಂಬಳಗಳನ್ನು ಹಿಡಿದನು. ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ಧೋಂಡಿಯನ ಸಾಮಾನು ಸರಂಜಾಮಿನ ಪಾಳೆಯದ ಮೇಲೆ ಬಿದ್ದನು. ತುಂಬಿದ ಹೊಳೆಗೆ ಹಾರಿ ಅನೇಕರು ಮುಳುಗಿದರು.

ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಓಟ ಮುಗಿಯಿತು. ವೆಲೆಸ್ಲಿಯ ಬಳಿ ನಾಲ್ಕು ಅಶ್ವದಳಗಳು ಮಾತ್ರ. ಎದುರಿಗೆ ಸುಮಾರು ಐದು ಸಾವಿರ ಸವಾರರು. ನಾಲ್ಕೂ ದಳಗಳನ್ನು ಒಂದೇ ಸಾಲಾಗಿ ಹರಡಿ ತಾನೇ ಮುಂದಾಗಿ ನುಗ್ಗಿದನು. ಧೋಂಡಿಯ ಬಿದ್ದನು. ಅವನ ಶವವನ್ನು ತೋಪಿನ ಗಾಡಿಗೆ ಬಿಗಿದು ಪಾಳೆಯಕ್ಕೆ ತಂದರು.

ಧೋಂಡಿಯನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವನನ್ನು ಕೊಂದವರ ಕಾಗದಗಳಿಂದ ಬಂದದ್ದು. ಅವರಿಗೆ ಅವನು ದರೋಡೆಗಾರ. ಈಚಿನ ಕೆಲವರಿಗೆ ಸ್ವಾತಂತ್ರ್ಯವೀರ. ಎರಡು ಹೆಸರೂ ಅವನ ಮೈಗೆ ಸರಿಯಾಗಿ ಒಪ್ಪುವುದಿಲ್ಲವೆಂದು ನನಗೆ ತೋರುತ್ತದೆ.

ಅವನ ಸರಂಜಾಮಿನ ನಡುವೆ ಸಲಾಬತ್ ಖಾನನೆಂಬ ಎಳೆಯ ಮಗನು ದೊರೆತನು. ವೆಲೆಸ್ಲಿ ಅವನನ್ನು ಸಾಕಿಸಿದನು. ಭಾರತವನ್ನು ಬಿಡುವಾಗ ಅವನ ಪೋಷಣೆಗೆಂದು ಹಣವಿಟ್ಟು ಹೋದನು. ಹುಡುಗ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು.