ದೇವಗಂಧರ್ವ ಭಾಸ್ಕರಬುವಾ ಬಖಲೆ

ಉತ್ತರ ಕರ್ನಾಟಕದಲ್ಲಿ ಹಿಂದುಸ್ತಾನಿ ಸಂಗೀತವು ನೆಲೆಯೂರಿದ ಇತಿಹಾಸವನ್ನು ಹೇಳುವಾಗ ಉಸ್ತಾದ ಅಬ್ದುಲ್ ಕರೀಮ್ ಖಾನರಿಂದ ಆರಂಭಿಸುವುದು ವಾಡಿಕೆ. ಅದು ಸಹಜವೂ ಹೌದು. ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರವರೆಗೆ ಹರಿದುಬಂದ ಕಿರಾಣಾ ಪರಂಪರೆಯು ಎದ್ದು ಕಾಣುವಂಥದು. ಖಾನಸಾಹೇಬರ ಧ್ವನಿಮುದ್ರಿಕೆಗಳೂ ನಮಗೆ ದೊರೆಯುತ್ತವೆ. ಆದರೆ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಶಿಕ್ಷಕರಾಗಿ ಕೆಲಸಮಾಡಿ, ಮುಂದೆ ಪುಣೆಯಲ್ಲಿ ಗಾಯನ ಶಾಲೆಯೊಂದನ್ನು ಕಟ್ಟಿ, ಮರಾಠಿ ರಂಗಭೂಮಿಗೆ ಖ್ಯಾಲದ ಗಾಂಭೀರ್ಯವನ್ನು ತಂದುಕೊಟ್ಟ ಭಾಸ್ಕರಬುವಾ ಬಖಲೆಯವರ ಹೆಸರು ನಮ್ಮ ಬರಹಗಳಲ್ಲಿ ಬಂದುಹೋಗುವುದು ಒಂದೆರಡು ಸಾಲುಗಳಲ್ಲಿ ಮಾತ್ರ. ಇದಕ್ಕೆ ಮುಖ್ಯ ಕಾರಣ, ಅವರ ಕಂಠದ ಒಂದು ಧ್ವನಿಮುದ್ರಿಕೆಯೂ ಉಳಿದಿಲ್ಲದಿರುವುದು. ಕೇಳಲು ಸಿಗದ ಗಾಯಕನನ್ನು ಕಾಲವು ಬಲುಬೇಗ ಮರೆಯುತ್ತದೆ.

ಭಾಸ್ಕರಬುವಾ ಹುಟ್ಟಿದ್ದು 1869ರ ಅಕ್ಟೋಬರ್ 17ರಂದು, ಬಡೋದೆ ಸಂಸ್ಥಾನದ ಕಠೋರ ಎಂಬ ಊರಿನಲ್ಲಿ. ಬಾಲ್ಯದಲ್ಲಿ ವಿಷ್ಣುಬುವಾ ಪಿಂಗಳೆಯವರಲ್ಲಿ ಪಾಠವಾಯಿತು. ಇಂಪಾದ ಕಂಠವಿದ್ದ ಈ ಹುಡುಗನನ್ನು ಕಿರ್ಲೋಸ್ಕರ ನಾಟಕ ಮಂಡಳಿಯು ಸೇರಿಸಿಕೊಂಡಿತು. ಈ ಮಂಡಳಿಯ ಸ್ಥಾಪಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1880ರಲ್ಲಿ ಪುಣೆಯಲ್ಲಿ ಪ್ರಯೋಗಗೊಂಡ ಅವರ 'ಶಾಕುಂತಲ'ದಿಂದಲೇ ಮರಾಠಿ ಸಂಗೀತನಾಟಕದ ಯುಗ ಆರಂಭವಾಯಿತು. ಕನ್ನಡ ನಾಡಿನ ಹಾಡುಗಳ ಧಾಟಿಗಳನ್ನು ಅವರು ತಮ್ಮ ನಾಟಕಗಳಿಗೆ ಬಳಸಿಕೊಂಡಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಭಾಸ್ಕರನ ನಟನಜೀವನ ಮಾತ್ರ ದೀರ್ಘವಾಗಲಿಲ್ಲ. ಹರೆಯ ಬಂದು ಕಂಠ ಒಡೆಯಿತು. ಮಂಡಳಿಗೆ ಅವನ ಅಗತ್ಯವಿಲ್ಲದಾಯಿತು. ನಾಟಕದ ಹುಡುಗರಿಗೆ ಅಂದು ಇದು ಸಾಮಾನ್ಯ ವಿಧಿ. ಹಲವರು ಅಲ್ಲಿಗೇ ಕಣ್ಮರೆಯಾದರು.

ಕಂಪನಿಯಲ್ಲಿದ್ದಾಗಲೇ ಬೀನಕಾರ ಬಂದೇ ಅಲಿ ಖಾನರು ಆ ಹುಡುಗನ ಹಾಡಿಕೆಯನ್ನು ಮೆಚ್ಚಿ ಶಿಷ್ಯತ್ವದ ಗಂಡಾ ಕಟ್ಟಿದ್ದರು. ಕಂಠ ಒಡೆದ ಮೇಲೆ ಆರಂಭವಾದದ್ದು ನಿಜವಾದ ಸಾಧನೆ. ಬಡೋದೆಯಲ್ಲಿ ಗ್ವಾಲಿಯರ್ ಪರಂಪರೆಯ ಫೈಜ್ ಮಹಮ್ಮದ್ ಖಾನರಲ್ಲಿ, ಅನಂತರ ಆಗ್ರಾ ಘರಾಣೆಯ ನತ್ಥನ್ ಖಾನರಲ್ಲಿ, ನತ್ಥನ್ ಖಾನರು 1901ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಬಳಿಕ ಕೊಲ್ಹಾಪುರ ದರಬಾರಿನ ಅಲ್ಲಾದಿಯಾ ಖಾನರಲ್ಲಿ ಅವರು ಕಲಿತರು. ಇಂದಿನ ವಿದ್ಯಾರ್ಥಿಗೆ ಇದು ಬರಿಯ ಹೆಸರುಗಳ ಪಟ್ಟಿಯಾಗಿ ಕಾಣಬಹುದು. ಆದರೆ ಘರಾಣೆಯ ವಿದ್ಯೆಯನ್ನು ಮನೆತನದ ಆಸ್ತಿಯೆಂದು ಕಾಯುತ್ತಿದ್ದ ಕಾಲವದು. ಅಪರೂಪದ ರಾಗವೊಂದರ ಚೀಜನ್ನು ಹೊರಗಿನವನ ಕಿವಿಗೆ ಬೀಳಗೊಡದೆ ಬಚ್ಚಿಡುವುದೇ ರೂಢಿಯಾಗಿತ್ತು. ಕುಲ, ಮತ ಎರಡರಿಂದಲೂ ಹೊರಗಿನವನಾದ ಒಬ್ಬ ತರುಣ ಮೂರು ಮನೆಗಳ ಬಾಗಿಲನ್ನು ಸೇವೆಯಿಂದ ತೆರೆಸಿದ. ಗ್ವಾಲಿಯರಿನ ನೇರವಾದ ಬಂದಿಶ್, ಆಗ್ರಾದ ಬೋಲು ಮತ್ತು ಲಯದ ಬಿಗಿ, ಅಲ್ಲಾದಿಯಾ ಖಾನರ ಬಳಸುದಾರಿಯ ತಾನು, ಈ ಮೂರೂ ಒಂದೇ ಕಂಠದಲ್ಲಿ ನೆಲೆಸಿದವು.

ಇಂತಹ ಗಾಯಕರು ಧಾರವಾಡದಲ್ಲಿ ಶಿಕ್ಷಕರಾಗಿದ್ದುದು ವಿಶೇಷ ಸಂಗತಿ. ದರಬಾರಿನ ಆಶ್ರಯವನ್ನಾಗಲಿ ಮೆಹಫಿಲ್‌ಗಳ ಗಳಿಕೆಯನ್ನಾಗಲಿ ನೆಚ್ಚಿದ್ದ ಕಲಾವಿದರ ನಡುವೆ, ಸರಕಾರಿ ಟ್ರೇನಿಂಗ್ ಕಾಲೇಜಿನ ವೇಳಾಪಟ್ಟಿಗೆ ಒಳಪಟ್ಟು, ಮುಂದೆ ಶಾಲಾಮಾಸ್ತರರಾಗಲಿದ್ದವರಿಗೆ ಸ್ವರಪಾಠ ಹೇಳುವುದು ಮೇಲ್ನೋಟಕ್ಕೆ ಇಳಿಕೆಯೇ. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡವು ಆಗ ಪುಣೆ, ಕೊಲ್ಹಾಪುರಗಳ ಕಡೆಯಿಂದ ಮೈಸೂರು ದಸರೆಗೆ ಹೋಗಿಬರುವ ಗವಾಯಿಗಳ ದಾರಿಯ ಊರು. ಹಾಗೆ ಬಂದವರು ಹಾಡಿ ಮುಂದೆ ಸಾಗುತ್ತಿದ್ದರು. ಭಾಸ್ಕರಬುವಾ ಊರಲ್ಲಿ ನಿಂತು ಕಲಿಸಿದರು. ಒಂದು ಊರಿನ ಕಿವಿ ಹದಗೊಳ್ಳಲು ಎರಡನೆಯದೇ ಹೆಚ್ಚು ಬೇಕೆಂದು ನನ್ನ ಎಣಿಕೆ. ಮುಂದೆ ಮಲ್ಲಿಕಾರ್ಜುನ ಮನಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಕಲಿತು, ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಹೊಣೆ ಹೊತ್ತಾಗ ಆ ಗಾಯಕಿಯು ಧಾರವಾಡಕ್ಕೆ ಪೂರ್ಣ ಹೊಸದಾಗಿರಲಿಲ್ಲ.

1911ರಲ್ಲಿ ಬುವಾ ಪುಣೆಯಲ್ಲಿ ಭಾರತ ಗಾಯನ ಸಮಾಜವನ್ನು ಸ್ಥಾಪಿಸಿದರು. ಆರಂಭದಲ್ಲಿ ಇದರ ಹೆಸರಿನೊಂದಿಗೆ ಕಿರ್ಲೋಸ್ಕರರ ಹೆಸರೂ ಸೇರಿತ್ತು. ವಿಶ್ವವಿದ್ಯಾಲಯಗಳಲ್ಲಿ ಸಂಗೀತ ವಿಭಾಗಗಳು ತೆರೆಯುವ ದಿನಗಳು ಇನ್ನೂ ದೂರವಿದ್ದವು. ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು ಹತ್ತು ವರ್ಷಗಳಷ್ಟೇ ಆಗಿದ್ದವು. ವರ್ಷಗಟ್ಟಲೆ ಸೇವೆಮಾಡಿ ತಾವು ಪಡೆದ ವಿದ್ಯೆಯನ್ನು ಬುವಾ ಗೃಹಸ್ಥರ ಮನೆಯ ಮಕ್ಕಳಿಗಾಗಿ ಶಾಲೆಯಲ್ಲಿ ತೆರೆದಿಟ್ಟರು. ಆದರೂ ಅವರ ಶ್ರೇಷ್ಠ ಶಿಷ್ಯರು ತರಗತಿಯಲ್ಲಿ ಅಲ್ಲ, ಅವರ ಬೆನ್ನ ಹಿಂದೆ ತಂಬೂರಿ ಹಿಡಿದು ಕುಳಿತು ಬೆಳೆದರು. ಅವರಲ್ಲಿ ಮಾಸ್ಟರ್ ಕೃಷ್ಣರಾವ್, ಪಂಜಾಬಿನ ದಿಲೀಪಚಂದ್ರ ವೇದಿ, ತಾರಾಬಾಯಿ ಶಿರೋಡಕರ್ ಮುಖ್ಯರು. ಶಾಲೆ ಮತ್ತು ಗುರುಕುಲಗಳ ನಡುವಿನ ಈ ತೊಡಕನ್ನು ಬುವಾ ಬಿಡಿಸಲಿಲ್ಲ. ಇಂದಿನ ಸಂಗೀತ ವಿಭಾಗಗಳೂ ಬಿಡಿಸಿಲ್ಲ.

ರಾಗಸಂಯೋಜಕರಾಗಿ ಅವರ ದೊಡ್ಡ ಕೃತಿ 'ಸ್ವಯಂವರ'. ಖಾಡಿಲ್ಕರರು ರುಕ್ಮಿಣೀ ಸ್ವಯಂವರವನ್ನು ವಸ್ತುವಾಗಿಸಿ ಬರೆದ ಈ ನಾಟಕವನ್ನು 1916ರಲ್ಲಿ ಗಂಧರ್ವ ನಾಟಕ ಮಂಡಳಿಯು ಆಡಿತು. ರುಕ್ಮಿಣಿಯಾಗಿ ಹಾಡಿದವರು ಬುವಾ ಅವರ ಶಿಷ್ಯರೇ ಆದ ಬಾಲಗಂಧರ್ವರು. ಐದು ವರ್ಷ ಮೊದಲು 'ಮಾನಾಪಮಾನ'ದಲ್ಲಿ ಗೋವಿಂದರಾವ್ ಟೆಂಬೆಯವರು ಠುಮರಿಯ ಸೊಗಸನ್ನು ರಂಗಕ್ಕೆ ತಂದಿದ್ದರು. ಟೆಂಬೆಯವರೂ ಬುವಾ ಅವರನ್ನು ಗುರುವೆಂದು ಭಾವಿಸಿದ್ದವರು. 'ಸ್ವಯಂವರ'ದಲ್ಲಿ ಯಮನ್, ಭೂಪ, ಬಿಹಾಗಗಳಂತಹ ರಾಗಗಳು ತಮ್ಮ ಘನತೆಯನ್ನು ಬಿಡದೆ ಪಾತ್ರದ ಮಾತಾದವು. ಖ್ಯಾಲದಲ್ಲಿ ಅರ್ಧಗಂಟೆ ಹರಡಿಕೊಳ್ಳುವ ರಾಗರೂಪವನ್ನು ಕೆಲವೇ ಸಾಲುಗಳ ಪದದಲ್ಲಿ, ಮಾತಿನ ಅರ್ಥ ಕೆಡದಂತೆ ನಿಲ್ಲಿಸುವುದು ಸುಲಭವಲ್ಲ. ಟಿಕೇಟು ಕೊಂಡು ನಾಟಕ ನೋಡಬಂದ ಜನ, ರಾಗದ ಹೆಸರು ತಿಳಿಯದೆಯೂ, ಅದರ ಮುಖಪರಿಚಯ ಪಡೆದು ಮನೆಗೆ ಹೋದರು. ಹಾಡು ಹಾಡಿದವರ ಹೆಸರಿನಲ್ಲೇ ಉಳಿಯಿತು. ಕೇಳುಗರಿಗೆ ಅದು ಬಾಲಗಂಧರ್ವರ ಪದ. ಸಂಯೋಜಕನ ಪಾಡು ಎಲ್ಲ ಕಾಲದಲ್ಲೂ ಇದೇ ಇರಬೇಕು.

1920ರ 'ದ್ರೌಪದಿ' ನಾಟಕದ ಹೊತ್ತಿಗೆ ಅವರಿಗೆ ಉಳಿದಿದ್ದುದು ಅಲ್ಪಕಾಲ. 1922ರ ಏಪ್ರಿಲ್ 8ರಂದು ಪುಣೆಯಲ್ಲಿ ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸಮಾಜದ ಹೊಣೆಯನ್ನು ಶಿಷ್ಯರು ಹೊತ್ತರು. ಮಾಸ್ಟರ್ ಕೃಷ್ಣರಾವ್ ನಾಟಕಗಳಿಗೂ ಮುಂದೆ ಪ್ರಭಾತ ಕಂಪನಿಯ ಚಲನಚಿತ್ರಗಳಿಗೂ ಸಂಗೀತ ನೀಡುತ್ತಲೇ, ಬಂದಿಶ್‌ಗಳನ್ನು ಸ್ವರಲಿಪಿಗೆ ಇಳಿಸಿ ರಾಗಸಂಗ್ರಹದ ಪುಸ್ತಕಮಾಲೆಯನ್ನು ಹೊರತಂದರು.