ಮುಪ್ಪನ್ನು ಮುಚ್ಚಿಡದ ಗಂಡಸು

ಎಲೆಕ್ಟ್ರಾನಿಕ್ ಸಿಟಿಯ ಯಾವ ಜಿಮ್‌ಗೆ ಹೋದರೂ ಕನ್ನಡಿ ಮುಂದೆ ಒಂದಿಬ್ಬರು ಹುಡುಗರು ಮೊಬೈಲ್ ಹಿಡಿದು ನಿಂತಿರ್ತಾರೆ. ತೋಳು ಬಿಗಿ ಮಾಡಿ, ಹೊಟ್ಟೆ ಒಳಗೆಳೆದು ಒಂದು ಸೆಲ್ಫಿ. ನಾನೂ ತೆಗೀತಿದ್ದೆ. ಕೂದಲು ಉದುರೋಕೆ ಶುರುವಾದ ಮೇಲೆ ನಿಲ್ಲಿಸಿದೆ. ಮೈ ಗಟ್ಟಿ ಇರೋವರೆಗೆ ಮಾತ್ರ ಗಂಡಸು ಫೋಟೋಗೆ ಲಾಯಕ್ಕು ಅಂತ ನಮಗೆ ಯಾರು ಹೇಳಿಕೊಟ್ಟರೋ.

ಉಮ್ರಾವ್ ಸಿಂಗ್ ಶೇರ್-ಗಿಲ್ ಈ ಪಾಠ ಕಲಿಯಲೇ ಇಲ್ಲ. ಚಿತ್ರಕಲಾವಿದೆ ಅಮೃತಾ ಶೇರ್-ಗಿಲ್ ಅವರ ಅಪ್ಪ. 1870ರಲ್ಲಿ ಪಂಜಾಬಿನ ಮಜೀಠಾದ ಜಮೀನ್ದಾರಿ ಮನೆತನದಲ್ಲಿ ಹುಟ್ಟಿದವರು. ತಮ್ಮ ಸುಂದರ್ ಸಿಂಗ್ ಬ್ರಿಟಿಷರಿಂದ ಸರ್ ಪದವಿ ಪಡೆದರೆ, ಅಣ್ಣನಿಗೆ ಆ ಸರ್ಕಾರ ಕಂಡರಾಗುತ್ತಿರಲಿಲ್ಲ. ಸಂಸ್ಕೃತ, ಪರ್ಷಿಯನ್ ಓದಿಕೊಂಡಿದ್ದರು. ಕವಿ ಇಕ್ಬಾಲ್ ಸ್ನೇಹಿತರು. 1912ರಲ್ಲಿ ಹಂಗೇರಿಯ ಗಾಯಕಿ ಮರಿ ಆಂತ್ವಾನೆತ್ ಅವರನ್ನು ಮದುವೆಯಾದರು. ಮುಂದೆ ಬುಡಾಪೆಸ್ಟ್, ಶಿಮ್ಲಾ, ಪ್ಯಾರಿಸ್ ಅಂತ ಸಂಸಾರ ಸುತ್ತಿತು. ಕ್ಯಾಮೆರಾ ಎಲ್ಲ ಕಡೆ ಜೊತೆಗಿತ್ತು.

ಹೆಂಡತಿ, ಮಕ್ಕಳ ಫೋಟೋ ಬೇಕಾದಷ್ಟು ತೆಗೆದರು. ಆದರೆ ಐದು ದಶಕಕ್ಕೂ ಹೆಚ್ಚು ಕಾಲ ಬಿಡದೆ ತೆಗೆದದ್ದು ತಮ್ಮದೇ ಫೋಟೋ. ಹದಿನೈದು ದಿನ ಉಪವಾಸ ಮಾಡಿ ನಿಂತ ಮೈ. ಲಂಗೋಟಿ ಉಟ್ಟು ಯೋಗಾಸನ ಹಾಕಿದ ಮೈ. ಜಟೆ ಬಿಟ್ಟ ಕೂದಲು, ವರ್ಷದಿಂದ ವರ್ಷಕ್ಕೆ ಬೆಳ್ಳಗಾಗೋ ಗಡ್ಡ. ಆಸೆ ಗೆಲ್ಲೋಕೆ ಹೊರಟ ಮೈ ಅದು. ಅದನ್ನು ತೋರಿಸಬೇಕು ಅನ್ನೋ ಆಸೆ ಮಾತ್ರ ಹೋಗಿರಲಿಲ್ಲ. ಈ ಇಬ್ಬಂದಿಯೇ ಆ ಚಿತ್ರಗಳ ಜೀವ.

ಇದರಲ್ಲಿ ರಾಜಕೀಯವೂ ಇದೆ. 1868ರಿಂದ 1875ರವರೆಗೆ ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ತಂದು, ನಮ್ಮವರನ್ನು ಜಾತಿ, ಬುಡಕಟ್ಟಿನ ಮಾದರಿಗಳ ಥರ ಜೋಡಿಸಿಟ್ಟಿದ್ದರು. ಉಮ್ರಾವ್ ಕ್ಯಾಮೆರಾದ ಎರಡೂ ಕಡೆ ತಾವೇ ನಿಂತರು. ಅದಕ್ಕೆ ಬೇಕಾದ ದುಡ್ಡು, ಬಿಡುವು ಜಮೀನ್ದಾರಿಕೆಯಿಂದ ಬಂದದ್ದು ಅನ್ನೋದನ್ನೂ ಮರೆಯೋ ಹಾಗಿಲ್ಲ.

ಕೊನೆಗಾಲ ಕಷ್ಟದ್ದು. 1941ರಲ್ಲಿ ಅಮೃತಾ 28ನೇ ವಯಸ್ಸಿಗೇ ತೀರಿಕೊಂಡರು. 1948ರಲ್ಲಿ ಹೆಂಡತಿ ತಮ್ಮ ಪ್ರಾಣ ತಾವೇ ಕಳೆದುಕೊಂಡರು. 1954ರಲ್ಲಿ ಉಮ್ರಾವ್ ಹೋದರು. ಮೊಮ್ಮಗ ವಿವಾನ್ ಸುಂದರಂ 2001ರಲ್ಲಿ ಅಜ್ಜನ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಬೆಸೆದು, ಅಪ್ಪ ಮಗಳನ್ನು ಮತ್ತೆ ಒಂದೇ ಚೌಕಟ್ಟಿಗೆ ತಂದರು.

ನಮ್ಮಪ್ಪ ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮೇಲೆ ದುಡಿದವರು. ಅವರ ಫೋಟೋ ಇರೋದು ಮದುವೆ ಆಲ್ಬಮ್ಮಲ್ಲಿ, ಇಎಸ್‌ಐ ಕಾರ್ಡಲ್ಲಿ. ನಡುವೆ ಆ ಮೈ ಹೇಗೆ ಸವೀತು ಅನ್ನೋದಕ್ಕೆ ನಮ್ಮನೇಲಿ ಒಂದು ಚಿತ್ರವೂ ಇಲ್ಲ. ಈ ಭಾನುವಾರ ಅವರನ್ನ ಕೂರಿಸಿ ಒಂದು ಫೋಟೋ ತೆಗೀಬೇಕು. ಶರ್ಟ್ ಇಸ್ತ್ರಿ ಮಾಡಿಸ್ತೀನಿ ಇರು ಅಂತಾರೆ. ಬೇಡಪ್ಪ, ಹೀಗೇ ಕೂತ್ಕೊ ಅನ್ನಬೇಕು.