ಮೊದಲ ಕಾರು ಮತ್ತು ಬರ್ತಾ ಬೆಂಜ್



ಕಾರು ಅಂದರೆ ನನಗೆ ಬಹಳ ಹುಚ್ಚು. ಹಳೇ ಕಾರು ಮೇಲೋ ಹೊಸ ಕಾರು ಮೇಲೋ ಅಂತ ನಮ್ಮ ತರಗತಿಯಲ್ಲಿ ಆಗಾಗ ವಾದ ನಡೆಯುತ್ತೆ. ವಾದ ಮಾಡುವವರು ಮೊದಲು ಬರ್ತಾ ಬೆಂಜ್ ಅವರ ಜೀವನ ತಿಳಿಯಬೇಕು ಎಂಬುದು ನನ್ನ ಅಭಿಪ್ರಾಯ. ಕಾರು ಕಂಡುಹಿಡಿದವರು ಕಾರ್ಲ್ ಬೆಂಜ್ ಅಂತ ಓದಿದ್ದೇವೆ. ಆದರೆ ಆ ಕಾರು ಊರು ದಾಟಿ ದೂರದ ರಸ್ತೆ ಹಿಡಿದದ್ದು ಅವರ ಹೆಂಡತಿಯ ಧೈರ್ಯದಿಂದ.

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಟ್ಸ್‌ಹೈಮ್ ಊರಿನಲ್ಲಿ. ಅನುಕೂಲಸ್ಥರ ಮನೆ. ಕಾರ್ಲ್ ಬೆಂಜ್ ಬಡವರು, ಆದರೆ ಯಂತ್ರಗಳಲ್ಲಿ ಬಲು ಬುದ್ಧಿವಂತರು. ಕಾರ್ಲ್ ಮನ್‌ಹೈಮ್ ನಗರದಲ್ಲಿ ಒಬ್ಬರ ಜೊತೆ ಪಾಲುದಾರಿಕೆಯಲ್ಲಿ ವರ್ಕ್‌ಷಾಪ್ ತೆರೆದರು. ಪಾಲುದಾರ ಸರಿಬರಲಿಲ್ಲ. ಆಗ ಬರ್ತಾ ಮದುವೆಗೆ ಮುಂಚೆಯೇ ತನ್ನ ಪಾಲಿಗೆ ಬರಬೇಕಾದ ಹಣ ತರಿಸಿ, ಪಾಲುದಾರನ ಭಾಗವನ್ನು ಬಿಡಿಸಿಕೊಟ್ಟರು. 1872ರಲ್ಲಿ ಇವರ ಮದುವೆ ಆಯ್ತು. ಮುಂದೆಯೂ ಬಡತನ ಬಿಡಲಿಲ್ಲ. ಆದರೂ ಆಕೆ ಗಂಡನಿಗೆ ಈ ಕೆಲಸ ಬಿಟ್ಟುಬಿಡಿ ಅನ್ನಲಿಲ್ಲ.

1885ರಲ್ಲಿ ಕಾರು ತಯಾರಾಯಿತು. 1886ರ ಜನವರಿ 29ರಂದು ಕಾರ್ಲ್ ಅದರ ಪೇಟೆಂಟಿಗೆ ಅರ್ಜಿ ಹಾಕಿದರು. ಪೇಟೆಂಟ್ ಸಂಖ್ಯೆ 37435. ಅದಕ್ಕೆ ಮೂರೇ ಚಕ್ರ, ಒಂದೇ ಸಿಲಿಂಡರ್, ಎಂಜಿನ್ ಹಿಂದುಗಡೆ. ಶಕ್ತಿ ಒಂದು ಕುದುರೆಗಿಂತ ಕಡಿಮೆ! ಆದರೆ ಕೊಳ್ಳುವವರೇ ಇಲ್ಲ. ಕುದುರೆ ಇಲ್ಲದೆ ಓಡುವ ಗಾಡಿಯನ್ನು ಯಾರು ನಂಬುತ್ತಾರೆ? ಕಾರ್ಲ್ ಕೂಡ ಇನ್ನೂ ಸರಿಮಾಡಬೇಕು, ಇನ್ನೂ ಸರಿಮಾಡಬೇಕು ಅಂತ ಕೂತುಬಿಟ್ಟಿದ್ದರು.

1888ರ ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ. ಗಂಡ ಮಲಗಿರುವಾಗಲೇ ಬರ್ತಾ 15 ವರ್ಷದ ಓಯ್ಗನ್ ಮತ್ತು 13 ವರ್ಷದ ರಿಚರ್ಡ್ ಎಂಬ ಮಕ್ಕಳನ್ನು ಕರೆದುಕೊಂಡು ಕಾರು ಹೊರಡಿಸಿದರು. ತವರೂರಿಗೆ ತಾಯಿಯನ್ನು ನೋಡಲು ಹೋಗುವುದು ನೆಪ. ಕಾರು ದೂರ ಓಡುತ್ತೆ ಅಂತ ಲೋಕಕ್ಕೆ ತೋರಿಸುವುದು ಉದ್ದೇಶ. ದಾರಿ 100 ಕಿಲೋಮೀಟರಿಗಿಂತ ಹೆಚ್ಚು.

ಆ ಪ್ರಯಾಣ ಕೇಳಿದರೆ ಮೈ ಜುಮ್ಮೆನ್ನುತ್ತೆ. ಆಗ ಪೆಟ್ರೋಲ್ ಬಂಕ್ ಎಲ್ಲಿತ್ತು? ಲಿಗ್ರೊಯಿನ್ ಎಂಬ, ಕಲೆ ತೆಗೆಯಲು ಬಳಸುತ್ತಿದ್ದ ದ್ರವವೇ ಇಂಧನ. ಅದು ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು. ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಆಕೆ ಅದನ್ನು ಕೊಂಡರು. ಆ ಅಂಗಡಿಯನ್ನು ಇಂದಿಗೂ ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಅಂತ ಕರೆಯುತ್ತಾರೆ. ಎಂಜಿನ್ ಕಾಯುತ್ತಿದ್ದರಿಂದ ದಾರಿಯುದ್ದಕ್ಕೂ ನೀರು ಹುಯ್ಯುತ್ತಾ ಹೋಗಬೇಕಿತ್ತು. ಇಂಧನದ ಕೊಳವೆ ಕಟ್ಟಿಕೊಂಡಿತು. ಬರ್ತಾ ತಮ್ಮ ಟೋಪಿಯ ಉದ್ದನೆ ಪಿನ್ನು ತೆಗೆದು ಚುಚ್ಚಿ ಬಿಡಿಸಿದರು. ವೈರು ಸವೆದಾಗ ಕಾಲುಚೀಲಕ್ಕೆ ಕಟ್ಟುವ ಪಟ್ಟಿಯನ್ನು ಸುತ್ತಿದರು. ಚೈನು ಸಡಿಲವಾದಾಗ ಕಮ್ಮಾರರ ಹತ್ತಿರ ಬಿಗಿ ಮಾಡಿಸಿದರು. ಏರು ಬಂದ ಕಡೆ ಮಕ್ಕಳು ಇಳಿದು ನೂಕಿದರು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡು ಸವೆದಾಗ ಚಪ್ಪಲಿ ಹೊಲಿಯುವವರಿಂದ ಅದಕ್ಕೆ ಚರ್ಮ ಹೊಡೆಸಿದರು. ಬ್ರೇಕ್ ಲೈನರ್ ಶುರುವಾದದ್ದು ಹೀಗೆ! ಕತ್ತಲಾಗುವ ಹೊತ್ತಿಗೆ ಫೋರ್ಟ್ಸ್‌ಹೈಮ್ ಮುಟ್ಟಿ ಗಂಡನಿಗೆ ತಂತಿ ಕಳಿಸಿದರು. ಕೆಲವು ದಿನ ಬಿಟ್ಟು ಕಾರಿನಲ್ಲೇ ವಾಪಸ್ ಬಂದರು.

ಬಂದ ಮೇಲೆ ದಾರಿಯಲ್ಲಿ ಕಂಡ ಕೊರತೆಗಳನ್ನೆಲ್ಲ ಗಂಡನಿಗೆ ತಿಳಿಸಿದರು. ಏರು ಹತ್ತಲು ಕಾರ್ಲ್ ಇನ್ನೊಂದು ಗೇರ್ ಸೇರಿಸಿದರು. ಜನರಿಗೂ ನಂಬಿಕೆ ಬಂತು. 1899ರ ಒಂದೇ ವರ್ಷದಲ್ಲಿ ಬೆಂಜ್ ಕಂಪನಿ 572 ಕಾರು ತಯಾರಿಸಿತು. 1926ರಲ್ಲಿ ಅದು ಡೈಮ್ಲರ್ ಕಂಪನಿಯ ಜೊತೆ ಸೇರಿತು. ನಾವು ಹೇಳುವ ಮರ್ಸಿಡಿಸ್ ಬೆಂಜ್ ಇದೇ. ಕಾರ್ಲ್ 1929ರಲ್ಲಿ ತೀರಿಕೊಂಡರು. ಬರ್ತಾ 1944ರ ಮೇ 5ರಂದು, 95 ತುಂಬಿದ ಎರಡೇ ದಿನಕ್ಕೆ ಕಣ್ಣು ಮುಚ್ಚಿದರು. ಆಕೆ ಹೋದ ದಾರಿಗೆ ಈಗ 2008ರಿಂದ ಅವರದೇ ಹೆಸರಿದೆ.

ಇನ್ನು ನನ್ನ ಅಭಿಪ್ರಾಯ. ಹಳೇ ಕಾರಿನಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ಒಂದು ಪಿನ್ನಿನಿಂದಲೂ ರಿಪೇರಿ ಆಗುತ್ತೆ. ಹೊಸ ಕಾರು ಕೆಟ್ಟರೆ ಮೆಕ್ಯಾನಿಕ್ ಕೂಡ ಕಂಪ್ಯೂಟರ್ ಜೋಡಿಸಿ ನೋಡಬೇಕು. ಕಲಿಯುವುದಕ್ಕೆ ಹಳೇ ಕಾರೇ ಒಳ್ಳೇ ಮೇಷ್ಟ್ರು. ಆದರೆ ಜೀವ ಉಳಿಸುವುದರಲ್ಲಿ ಹೊಸದೇ ಮೇಲು. ಸೀಟ್ ಬೆಲ್ಟ್, ಏರ್ ಬ್ಯಾಗ್, ಜಾರದಂತೆ ಹಿಡಿಯುವ ಬ್ರೇಕು ಇವೆಲ್ಲ ಇರುವಾಗ ಚೆಂದ ನೋಡಿ ಹಳೇದೇ ಬೇಕು ಅನ್ನುವುದು ಸರಿಯಲ್ಲ. ಈಗ ಕರೆಂಟಿನ ಕಾರು ಬಂದಿದೆ. ದಾರಿಯಲ್ಲಿ ಚಾರ್ಜ್ ಎಲ್ಲಿ ಸಿಗುತ್ತೆ ಅಂತ ಜನ ಅನುಮಾನ ಪಡುತ್ತಾರೆ. ಬರ್ತಾ ಹೊರಟಾಗ ಜಗತ್ತಿನಲ್ಲಿ ಒಂದು ಬಂಕೂ ಇರಲಿಲ್ಲ ಅನ್ನುವುದನ್ನು ಅವರು ನೆನೆಯಲಿ.

ಪೇಟೆಂಟಿನಲ್ಲಿ ಬರ್ತಾ ಹೆಸರಿಲ್ಲ. ಹಣ ಹಾಕಿದವರು, ಓಡಿಸಿ ತೋರಿಸಿದವರು, ಕೊರತೆ ಹೇಳಿ ಸರಿಮಾಡಿಸಿದವರು ಆಕೆಯೇ. ಆದ್ದರಿಂದ ಗೆಳೆಯರೇ, ಡ್ರೈವಿಂಗ್, ಮೆಕ್ಯಾನಿಕ್ ಕೆಲಸ ಹುಡುಗರದ್ದು ಅಂತ ಯಾರಾದರೂ ಹೇಳಿದರೆ ಈ ಪುಟ ತೋರಿಸಿ. ದೂರದ ದಾರಿಗೆ ಮೊಟ್ಟಮೊದಲು ಕಾರು ತೆಗೆದುಕೊಂಡು ಹೋದವರು ಒಬ್ಬ ತಾಯಿ.